ಐವತ್ತರ ಹತ್ತಿರ ಮನೆ ಬದಲಿಸುವವರಿಗೆ: ಮಾಟುಂಗಾದಿಂದ ಮುಲುಂಡಿಗೆ ಬಂದವಳ ಟಿಪ್ಪಣಿ

ಮಾಟುಂಗಾದಲ್ಲಿ ಸ್ಲೋ ಲೋಕಲ್ ಹತ್ತಿದರೆ ಮುಲುಂಡ್ ಒಂಬತ್ತನೆಯ ಸ್ಟೇಷನ್. ಅರ್ಧ ಗಂಟೆಯ ದಾರಿ, ಅಷ್ಟೇ. ನಾವು ಮನೆ ಬದಲಿಸಿದ ಸುದ್ದಿ ಕೇಳಿ ಊರಿನಿಂದ ದೊಡ್ಡಮ್ಮ ಫೋನ್ ಮಾಡಿ, "ಮುಂಬಯಿ ಬಿಟ್ಟೇ ಹೋದಿರಂತೆ, ಹೌದಾ?" ಎಂದಾಗ ನಕ್ಕುಬಿಟ್ಟಿದ್ದೆ. ಮಾಟುಂಗಾ ಎಂದರೇ ಮುಂಬಯಿ ಎಂದು ತಿಳಿದ ಕಾಲದವರು ಅವರು. ತಿಂಗಳು ಕಳೆಯುವಷ್ಟರಲ್ಲಿ ದೊಡ್ಡಮ್ಮ ಹೇಳಿದ್ದೇ ಸರಿಯೇನೋ ಅನ್ನಿಸತೊಡಗಿತು.

ನಮ್ಮ ಹೌಸಿಂಗ್ ಸೊಸೈಟಿಯ ನಾಲ್ಕು ಮಹಡಿಯ ಹಳೆಯ ಕಟ್ಟಡ ರಿಡೆವಲಪ್‌ಮೆಂಟಿಗೆ, ಅಂದರೆ ಬಿಲ್ಡರ್ ಕೆಡವಿ ಹೊಸದು ಕಟ್ಟಲು, ಹೋಯಿತು. ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿ, ಆಮೇಲೆ ಬ್ಯಾಂಕ್ ಸೇರಿದ ನನ್ನ ಮಾವ ಕೊಂಡ ಮನೆ ಅದು. ಹೊಸ ಕಟ್ಟಡ ಎದ್ದು ನಿಲ್ಲಲು ಮೂರು ವರ್ಷ ಎನ್ನುತ್ತಾರೆ. ನಾನು ನಾಲ್ಕು ಎಂದು ಹಿಡಿದಿದ್ದೇನೆ. ಅಲ್ಲಿಯ ತನಕ ಬಾಡಿಗೆ ಮನೆ. ನನಗೆ ನಲವತ್ತೊಂಬತ್ತು, ಇವರಿಗೆ ಐವತ್ತನಾಲ್ಕು, ಅತ್ತೆಗೆ ಎಂಬತ್ತೊಂದು. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿ.

ಮದುವೆಯಾಗಿ ಬಂದಾಗ ಮಾಟುಂಗಾಕ್ಕೆ ನಾನು ಒಗ್ಗಿಕೊಂಡೆ ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಒಗ್ಗಿಕೊಂಡದ್ದು ಮಗಳು. ಅವಳ ಶಾಲೆಯ ಗೇಟಿನಲ್ಲಿ, ಫೈವ್ ಗಾರ್ಡನ್ಸಿನ ಜಾರುಬಂಡೆಯ ಹತ್ತಿರ, ಡ್ರಾಯಿಂಗ್ ಕ್ಲಾಸಿನ ಮೆಟ್ಟಿಲ ಮೇಲೆ ಸಿಕ್ಕಿದವರೇ ನನ್ನ ಗೆಳತಿಯರು. ಮಗಳ ಹೆಸರು ಮುಂದೆ, 'ಮಮ್ಮಿ' ಹಿಂದೆ. ಇಪ್ಪತ್ತು ವರ್ಷ ಬೀದಿಯಲ್ಲಿ ನನಗಿದ್ದ ಹೆಸರು ಅದೇ. ಈಗ ಕೈಹಿಡಿದು ಕರೆದುಕೊಂಡು ಹೋಗುವ ಮಗು ಇಲ್ಲ. ಈ ವಯಸ್ಸಿನಲ್ಲಿ ಹೊಸ ಜಾಗ ನಮ್ಮದಾಗಬೇಕಾದರೆ ಕೆಲಸವನ್ನು ನಾವೇ, ತಿಳಿದು ತಿಳಿದು ಮಾಡಬೇಕಾಗುತ್ತದೆ. ನಾನು ಮಾಡಿದ್ದನ್ನೂ ಮಾಡದೆ ಕೆಡಿಸಿಕೊಂಡದ್ದನ್ನೂ ಕ್ರಮವಾಗಿ ಬರೆಯುತ್ತೇನೆ.

ಕೀಲಿ ಕೊಡುವ ಮೊದಲು ಕಾಗದ, ಕಾಗದಕ್ಕೂ ಮೊದಲು ನಾದಿನಿ

ಮಹಾರಾಷ್ಟ್ರದಲ್ಲಿ ಸೊಸೈಟಿಗಳ ರಿಡೆವಲಪ್‌ಮೆಂಟ್ ನಡೆಯುವುದು ಸಹಕಾರ ಕಾಯ್ದೆಯ 79ಎ ಕಲಮಿನಡಿ, 2019ರ ಜುಲೈ 4ರ ಸರಕಾರಿ ಆದೇಶದ ಪ್ರಕಾರ. ಸದಸ್ಯರಲ್ಲಿ ಶೇ. 51 ಜನ ಒಪ್ಪಿದರೆ ಗಾಡಿ ಹೊರಡುತ್ತದೆ. ನೀವು ಒಪ್ಪಿದವರೋ ಒಪ್ಪದವರೋ, ಸಭೆಯ ನಿರ್ಣಯದ ಪ್ರತಿಗಳು ನಿಮ್ಮ ಫೈಲಿನಲ್ಲಿರಲಿ. ಮುಖ್ಯ ಮಾತು: ನಿಮ್ಮ ಹೆಸರಿನಲ್ಲಿ, ನಿಮ್ಮ ಹೊಸ ಫ್ಲ್ಯಾಟಿನ ಕಾರ್ಪೆಟ್ ಏರಿಯಾ, ಮಹಡಿ, ಅಲ್ಲಿಯ ತನಕ ಬಿಲ್ಡರ್ ಕೊಡುವ ಬಾಡಿಗೆಯ ಮೊತ್ತ ಎಲ್ಲ ಬರೆದ ಅಗ್ರಿಮೆಂಟ್ ರಿಜಿಸ್ಟರ್ ಆಗುವ ತನಕ ಕೀಲಿ ಕೊಡಬೇಡಿ. "ಎಲ್ಲರೂ ಕೊಟ್ಟಾಯಿತು, ನೀವೊಬ್ಬರೇ ಉಳಿದಿರಿ" ಎಂದು ಕಮಿಟಿಯವರು ಮುಖ ಸಣ್ಣ ಮಾಡುತ್ತಾರೆ. ಮಾಡಲಿ.

ಆದರೆ ಕಾಗದ ಎತ್ತಿದ ಕೂಡಲೇ ಮನೆಯೊಳಗಿನ ಹಳೆಯ ಗಂಟು ಬಿಚ್ಚಿಕೊಳ್ಳುತ್ತದೆ. ಸದಸ್ಯರಿಗೆ ಸೊಸೈಟಿ ಕೊಡುವ ಶೇರ್ ಸರ್ಟಿಫಿಕೇಟಿನಲ್ಲಿ ಇನ್ನೂ ಮಾವನ ಹೆಸರೇ ಇತ್ತು. ತೀರಿಹೋಗಿ ಏಳು ವರ್ಷ. ಅತ್ತೆ ನಾಮಿನಿ, ಹಾಗಾಗಿ ಎಲ್ಲ ಸರಿ ಇದೆ ಎಂದು ನಾವು ತಿಳಿದಿದ್ದೆವು. ಸರಿ ಇರಲಿಲ್ಲ. ನಾಮಿನಿ ಎಂದರೆ ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಎಂದು ತೋರಿಸುವ ಹೆಸರು, ಮಾಲೀಕರಲ್ಲ. ವಿಲ್ ಬರೆಯದೆ ಹೋದವರ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ, ತಾಯಿ ಬದುಕಿದ್ದರೆ ಅವರಿಗೂ, ಸಮಪಾಲು. ಅಂದರೆ ಉಡುಪಿಯಲ್ಲಿರುವ ನಾದಿನಿಗೂ ಈ ಫ್ಲ್ಯಾಟಿನಲ್ಲಿ ಮೂರನೆಯ ಒಂದು ಪಾಲು.

ಇದನ್ನು ಇವರು ವಕೀಲರ ಬಾಯಿಂದ ಹೇಳಿಸಲು ಹೊರಟಿದ್ದರು. ನಾನು ಬೇಡ ಎಂದೆ. ಅಣ್ಣನೇ ಫೋನ್ ಮಾಡಬೇಕು, ಅದೂ "ಒಂದು ಸಹಿ ಬೇಕಿತ್ತು" ಎಂದು ಶುರು ಮಾಡಬಾರದು. ಮೊದಲ ದಿನ ಇವರು ಮಾಡಿದ್ದು ಹಾಗೆಯೇ. ಫೋನ್ ಎರಡು ನಿಮಿಷದಲ್ಲಿ ಮುಗಿಯಿತು. ಎರಡನೆಯ ಸಲ ನಾವಿಬ್ಬರೂ ರೈಲು ಹತ್ತಿ ಉಡುಪಿಗೆ ಹೋದೆವು, ಅವಳ ಮನೆಯಲ್ಲಿ ಉಂಡೆವು, ಕಾಗದಗಳನ್ನು ಅವಳ ಮುಂದೆ ಹರಡಿ, ನಿನ್ನ ಪಾಲಿನ ಬಗ್ಗೆ ನೀನೇ ಹೇಳು ಎಂದೆವು. ಅವಳು ಏನು ಹೇಳಿದಳು ಎನ್ನುವುದು ನಮ್ಮ ಮನೆಯ ಮಾತು, ಇಲ್ಲಿ ಬೇಡ. ಹಕ್ಕು ಬಿಡುವುದಾದರೆ ರಿಲೀಸ್ ಡೀಡ್ ಮಾಡಿ ರಿಜಿಸ್ಟರ್ ಮಾಡಿಸಬೇಕು, ಬಾಯಿಮಾತು ಸಾಲದು. ಪಾಲು ಕೇಳಿದರೆ ಕೊಡಬೇಕು, ಅದರಲ್ಲಿ ಮುಖ ಊದಿಸಿಕೊಳ್ಳುವಂಥದ್ದು ಏನೂ ಇಲ್ಲ. ಇದಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಿ.

ಹಾಗೆಯೇ, ನೀವೂ ವಿಲ್ ಬರೆಯಿರಿ. ನಮ್ಮ ವಯಸ್ಸಿಗೆ ಅದು ಅಪಶಕುನ ಅಲ್ಲ.

ಮನೆ ನೋಡುವಾಗ ಇವತ್ತು ಇರುವವರನ್ನು ಎಣಿಸಿ

ನಾವು ಮೊದಲು ಹುಡುಕಿದ್ದು ಮಗಳಿಗೆ ಒಂದು ಕೋಣೆ ಇರುವ ಮನೆ. ವರ್ಷಕ್ಕೆ ಇಪ್ಪತ್ತು ದಿನ ಬರುವವಳಿಗೆ ಒಂದು ಕೋಣೆ, ವರ್ಷವಿಡೀ ಇರುವ ಅತ್ತೆಗೆ ಹಾಲಿನ ದಿವಾನ! ಇದು ಹತ್ತು ವರ್ಷ ಹಿಂದಿನ ನಮ್ಮ ಸಂಸಾರಕ್ಕೆ ಹೊಂದುವ ಮನೆ. ಮೂರನೆಯ ಮನೆ ನೋಡುವಾಗ ಬ್ರೋಕರ್ ಹುಡುಗ "ಆಂಟಿ, ರಹನೇವಾಲೇ ಕಿತನೇ ಹೈ?" ಎಂದು ಕೇಳಿದ, ಇರುವವರು ಎಷ್ಟು ಜನ ಎಂದು. ಮೂರು ಎಂದೆ. ಹೇಳುವಾಗ ಗಂಟಲು ಸ್ವಲ್ಪ ಹಿಡಿಯಿತು.

ಬಿಲ್ಡರ್ ಕೊಡುವ ಬಾಡಿಗೆಯಲ್ಲಿ ಮಾಟುಂಗಾದಲ್ಲೇ ಮನೆ ಸಿಗುವುದು ಕಷ್ಟ. ಇಡೀ ಕಟ್ಟಡದವರು ಒಟ್ಟಿಗೆ ಹುಡುಕುತ್ತಿರುತ್ತಾರೆ, ಬಾಡಿಗೆ ತಾನಾಗಿ ಏರುತ್ತದೆ. ಹಾಗಾಗಿ ನಿಮ್ಮದೇ ರೈಲು ಲೈನಿನಲ್ಲಿ ಮುಂದಕ್ಕೆ ಹೋಗಿ. ಆಫೀಸಿನ ದಾರಿ ಬದಲಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೇ. ಮುಲುಂಡಿನಿಂದ ಕೋಟೆಯ (ಫೋರ್ಟ್) ಕಡೆಗೆ ಹೋಗುವವರು ಕಲ್ಯಾಣದಿಂದ ತುಂಬಿ ಬರುವ ಗಾಡಿಗೆ ಜೋತುಬೀಳುವ ಬದಲು ಥಾಣೆಯಿಂದಲೇ ಹೊರಡುವ ಸ್ಲೋ ಲೋಕಲ್ ನೋಡಿಟ್ಟುಕೊಳ್ಳಿ. ಥಾಣೆಯ ಮರುಸ್ಟೇಷನ್ನೇ ಮುಲುಂಡ್, ಲೇಡೀಸ್ ಡಬ್ಬಿಯಲ್ಲಿ ಕೂತುಕೊಳ್ಳಲು ಜಾಗ ಸಿಗುವ ಸಂಭವ ಹೆಚ್ಚು.

ಮನೆ ನೋಡುವಾಗ ನಾನು ಪರೀಕ್ಷಿಸಿದ್ದು ಇಷ್ಟು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ? ಕೈಚಾಚಿ ನಿಂತು ಅಳೆದೆ, ವಾಚ್‌ಮನ್ ವಿಚಿತ್ರವಾಗಿ ನೋಡಿದ. ಕರೆಂಟ್ ಹೋದಾಗ ಲಿಫ್ಟ್ ನಡೆಯುತ್ತದೆಯೇ? ಬಚ್ಚಲಿನ ಟೈಲ್ಸ್ ಜಾರುತ್ತದೆಯೇ, ಗೋಡೆಗೆ ಹಿಡಿಕೆ ಕೂರಿಸಲು ಮಾಲೀಕರು ಒಪ್ಪುತ್ತಾರೆಯೇ? ನೀರು ಎಷ್ಟು ಹೊತ್ತಿಗೆ ಬರುತ್ತದೆ? ರಾತ್ರಿ ಹನ್ನೊಂದಕ್ಕೆ ಆ ಬೀದಿ ಹೇಗಿರುತ್ತದೆ? ಇದಕ್ಕೆ ರಾತ್ರಿಯೇ ಹೋಗಿ ನೋಡಬೇಕು, ಬ್ರೋಕರ್ ಮಧ್ಯಾಹ್ನವೇ ಕರೆದುಕೊಂಡು ಹೋಗುತ್ತಾನೆ.

ಇನ್ನು ಮೀನು. ನಾವು ಕರಾವಳಿಯವರು. ವಾರಕ್ಕೆ ಎರಡು ಸಲವಾದರೂ ಬಂಗುಡೆಯೋ ಬೂತಾಯಿಯೋ ಬೇಕು. ಮುಲುಂಡ್ ಸ್ಟೇಷನ್ನಿನ ಪಶ್ಚಿಮದಲ್ಲಿ ಒಂದು ಒಳ್ಳೆಯ ಮನೆ ನೋಡಿ ಟೋಕನ್ ಕೊಡಲು ಹೊರಟಾಗ ಮಾಲೀಕರು "ಆಪ್ ಸೌತ್ ಇಂಡಿಯನ್ ಹೈ ತೋ ವೆಜ್ ಹೀ ಹೋಂಗೇ" ಎಂದರು. ಇವರು ಸುಮ್ಮನಿದ್ದರು. ನಾನು ಅಲ್ಲ ಎಂದೆ. ಮನೆ ಹೋಯಿತು. ಸುಳ್ಳು ಹೇಳಿ ಸೇರಿಕೊಂಡು, ಕಿಟಕಿ ಮುಚ್ಚಿ ಮೀನು ಹುರಿಯುವ ಬಾಳು ಐವತ್ತರಲ್ಲಿ ಯಾಕೆ? ಮರಾಠಿಯವರು ಹೆಚ್ಚಿರುವ ಪೂರ್ವಕ್ಕೆ ಬಂದೆವು. ಇಲ್ಲಿ ಪಕ್ಕದ ಮನೆಯವರೇ ಬಾಂಗಡಾ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಹೇಳಿಕೊಟ್ಟರು.

ಹನ್ನೊಂದು ತಿಂಗಳ ಭ್ರಮೆ

ಹನ್ನೊಂದು ತಿಂಗಳ ಕರಾರಾದರೆ ರಿಜಿಸ್ಟ್ರಿ ಬೇಡ ಎಂದು ನಮ್ಮವರಲ್ಲಿ ಅನೇಕರು ನಂಬಿದ್ದಾರೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಬಾಡಿಗೆ ಮನೆಗೆ ಮಾಡುವ ಕರಾರು) ಎಷ್ಟೇ ಅವಧಿಯದಾಗಿದ್ದರೂ ಬರಹದಲ್ಲಿರಬೇಕು, ರಿಜಿಸ್ಟರ್ ಆಗಬೇಕು. ಮಾಡಿಸುವ ಹೊಣೆ ಮಾಲೀಕರದು. ಒಟ್ಟು ಬಾಡಿಗೆಯ ಮೇಲೆ ಶೇ. 0.25 ಸ್ಟಾಂಪ್ ಡ್ಯೂಟಿ. ಮರಳಿ ಬರುವ ಡಿಪಾಸಿಟ್ಟಿಗೂ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದು ಆ ಲೆಕ್ಕಕ್ಕೆ ಸೇರಿಸುತ್ತಾರೆ. ಏಜೆಂಟ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಹೋಗುತ್ತಾನೆ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಆನ್‌ಲೈನಿನಲ್ಲೇ ಕೊಡಬಹುದು.

ನಾನು ಹಟ ಹಿಡಿದದ್ದು ಅವಧಿಯ ಬಗ್ಗೆ. ಎಂಬತ್ತು ದಾಟಿದವರನ್ನು ಹನ್ನೊಂದು ತಿಂಗಳಿಗೊಮ್ಮೆ ಎತ್ತಿ ಕೂರಿಸಲು ಆಗುವುದಿಲ್ಲ. ಮೂರು ವರ್ಷದ ಕರಾರು ಕೇಳಿದೆ, ಬಾಡಿಗೆ ಏರಿಕೆಯನ್ನು ಮೊದಲೇ ಬರೆಸಿದೆ. ಡಿಪಾಸಿಟ್ ಸ್ವಲ್ಪ ಜಾಸ್ತಿ ಹೋಯಿತು. ಹೋಗಲಿ.

ಅಟ್ಟ ಇಳಿಸುವುದು

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವ ಕೆಲಸ ಇದು. ಇಲ್ಲಿನವರು ಮಾಳಾ ಎನ್ನುವ ಅಟ್ಟದಲ್ಲಿ ಎಷ್ಟು ಹಿಡಿಸುತ್ತದೆ ಎನ್ನುವುದು ಇಳಿಸಿದಾಗಲೇ ತಿಳಿಯುವುದು. ತಾಮ್ರದ ಹಂಡೆ, ಶ್ಯಾವಿಗೆ ಮಣೆ, ಪೂಜೆಯ ಊಟಕ್ಕೆಂದು ತಂದ ಎರಡು ಡಜನ್ ಸ್ಟೀಲ್ ತಟ್ಟೆ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಬ್ಯಾಂಕು ವರ್ಷವರ್ಷ ಕೊಟ್ಟ ಮಾವನ ಡೈರಿಗಳು, ಮಗಳ ಹತ್ತನೆಯ ಕ್ಲಾಸಿನ ಗೈಡುಗಳು, ಅವಳ ತೊಟ್ಟಿಲ ಹಗ್ಗ.

ತಿಂಗಳ ಮೊದಲೇ ಶುರುಮಾಡಿ. ದಿನಕ್ಕೆ ಒಂದು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಎಲ್ಲ ಇರಲಿ ಅನ್ನಿಸುತ್ತದೆ, ಇಲ್ಲವೇ ಎಲ್ಲ ಹೋಗಲಿ ಅನ್ನಿಸುತ್ತದೆ. ನಾವು ಮಾಡಿಕೊಂಡ ಕಟ್ಟುಪಾಡು ಒಂದೇ: ಅವರವರ ವಸ್ತುವನ್ನು ಅವರವರೇ ಕೊಡಬೇಕು, ಇನ್ನೊಬ್ಬರದನ್ನು ಯಾರೂ ರದ್ದಿವಾಲಾನಿಗೆ ಹಾಕಬಾರದು.

ಹಂಡೆಯ ವಿಷಯದಲ್ಲಿ ಅತ್ತೆ ಅಳುತ್ತಾರೆ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವರು ಕೂತಲ್ಲಿಂದಲೇ, "ಕೊಟ್ಟುಬಿಡು, ತಾಮ್ರಕ್ಕೆ ಈಗ ಒಳ್ಳೆ ರೇಟುಂಟು" ಎಂದರು. ಅತ್ತದ್ದು ನಾನು. ಮದುವೆಯಾಗಿ ಬಂದ ವರ್ಷ ದೀಪಾವಳಿಯ ಹಿಂದಿನ ರಾತ್ರಿ ಆ ಹಂಡೆಗೆ ಹೂವು ಸುತ್ತಿ ನೀರು ತುಂಬಿದ್ದು ನನಗೆ ನೆನಪಿತ್ತು, ಅವರಿಗೆ ಇರಲಿಲ್ಲ. ಅವರು ಬಿಡಲು ಒಪ್ಪದೆ ಇದ್ದದ್ದು ಏನು ಗೊತ್ತೇ? ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು. ನಲವತ್ತಮೂರು ಡಬ್ಬಿ ಟೆಂಪೋದಲ್ಲಿ ಮುಲುಂಡಿಗೆ ಬಂದಿವೆ.

ಮಗಳಿಗೆ ವೀಡಿಯೋ ಕಾಲ್ ಮಾಡಿ ಒಂದೊಂದನ್ನೇ ಎತ್ತಿ ತೋರಿಸಿದೆ. "ಅಮ್ಮ, ಎಲ್ಲ ಕೊಟ್ಟುಬಿಡು, ಪ್ಲೀಸ್" ಎಂದಳು, ಹಿಂದೆ ಯಾರೋ ನಗುತ್ತಿದ್ದರು. ಬೇಸರವಾಯಿತು. ಅವಳಿಗೆ ಹೇಳದೆ ಒಂದು ರಟ್ಟಿನ ಪೆಟ್ಟಿಗೆ ತುಂಬಿಟ್ಟೆ. ಅದು ನನ್ನ ವಸ್ತು, ಕಟ್ಟುಪಾಡಿನ ಪ್ರಕಾರವೇ.

ಇಲ್ಲಿ ನನ್ನದೊಂದು ತಪ್ಪು. ಹೊಸ ಮನೆಯಲ್ಲಿ ಅವಳಿಗೆ ಕೋಣೆ ಇಲ್ಲ, ಅದನ್ನು ಅಜ್ಜಿಗೆ ಕೊಟ್ಟಿದ್ದೇವೆ ಎಂದು ಅವಳಿಗೆ ಮೊದಲೇ ಹೇಳಲಿಲ್ಲ. ಬಂದಾಗ ನೋಡಿಕೊಳ್ಳೋಣ ಎಂದುಕೊಂಡೆ. ಚೌತಿಗೆ ಬಂದವಳು ಬ್ಯಾಗ್ ಕೈಯಲ್ಲೇ ಹಿಡಿದು ಎರಡೂ ಕೋಣೆ ಇಣುಕಿ, "ನಾನೆಲ್ಲಿ ಮಲಗಲಿ?" ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಹೊರಗಿರುವ ಮಕ್ಕಳಿಗೆ ಮನೆಯ ನಕ್ಷೆ ಮೊದಲೇ ಕಳಿಸಿ, ಅವರ ಹಾಸಿಗೆ ಎಲ್ಲಿ, ಕಪಾಟಿನ ಯಾವ ಖಾನೆ ಅವರದು ಎಂದು ಹೇಳಿ. ಒಂದು ಖಾನೆ ಸಾಕು. ಬೀಗದ ಕೈಯ ಒಂದು ಜೊತೆಯನ್ನೂ ಕೊಡಿ. ಗೇಟಿನ ಆ್ಯಪಿನಲ್ಲಿ ಅವರ ಹೆಸರು ಸೇರಿಸಿ, ಇಲ್ಲದಿದ್ದರೆ ನಮ್ಮವಳ ಹಾಗೆ ವಾಚ್‌ಮನ್ ಮುಂದೆ ಗೆಸ್ಟ್ ಎಂದು ಸಹಿ ಹಾಕಿ ಒಳಗೆ ಬರಬೇಕಾಗುತ್ತದೆ.

ಮೊದಲ ವಾರ, ಬೇಗ ಬೇಗ

ಜೂನ್‌ಗೆ ಮೊದಲು ಬನ್ನಿ, ಇಲ್ಲವೇ ದಸರಾ ಕಳೆಯಲಿ. ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಹತ್ತಿರ ಮಳೆನೀರು ನಿಂತರೆ ನಿಮ್ಮ ಟೆಂಪೋ ಅಲ್ಲಿಯೇ ನಿಲ್ಲುತ್ತದೆ. ಮಾಟುಂಗಾದಲ್ಲಿ ಬೆಸ್ಟ್ ಕರೆಂಟು, ಮುಲುಂಡಿನಲ್ಲಿ ಮಹಾವಿತರಣ್. ಬರುವ ದಿನವೇ ಮೀಟರಿನ ಫೋಟೋ ತೆಗೆದಿಡಿ. ಹಳೆಯ ಮನೆಯ ಕರೆಂಟು, ಪೈಪ್ ಗ್ಯಾಸಿನ ಡಿಪಾಸಿಟ್ ವಾಪಸ್ ಕೇಳಲು ಮರೆಯಬೇಡಿ, ಕೊನೆಯ ಬಿಲ್ಲು ಜೋಪಾನ. ರಿಜಿಸ್ಟರ್ ಆದ ಬಾಡಿಗೆ ಕರಾರಿನಿಂದ ಆಧಾರ್ ವಿಳಾಸ ಬದಲಾಗುತ್ತದೆ. ಮತದಾರರ ಪಟ್ಟಿಗೆ ನಮೂನೆ 8. ಬ್ಯಾಂಕಿನ ಶಾಖೆ ಬದಲಿಸಲೇಬೇಕೆಂದಿಲ್ಲ. ಅತ್ತೆಗೆ ಫ್ಯಾಮಿಲಿ ಪಿಂಚಣಿ ಬರುತ್ತದೆ. ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಈಗ ಮನೆಯಲ್ಲೇ ಮೊಬೈಲಿನಲ್ಲಿ ಮಾಡಬಹುದು.

ಆಸ್ಪತ್ರೆಯನ್ನು ಮಾತ್ರ ಆರಾಮಾಗಿರುವಾಗಲೇ, ಹಗಲಿನಲ್ಲಿ ಹೋಗಿ ನೋಡಿ. ತುರ್ತು ವಿಭಾಗದ ಬಾಗಿಲು ಯಾವ ಕಡೆ, ರಾತ್ರಿ ಯಾವ ಗೇಟ್ ತೆರೆದಿರುತ್ತದೆ, ಇನ್ಶೂರೆನ್ಸ್ ನಡೆಯುತ್ತದೆಯೇ ಎಂದು ಕೇಳಿಕೊಂಡು ಬನ್ನಿ. ಆಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567, ಪಕ್ಕದ ಮನೆಯವರ ನಂಬರು, ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಕನ್ನಡ ಪೇಪರು ಬೇಕೆಂದು ಪೇಪರ್‌ವಾಲಾನಿಗೆ ಮೊದಲ ದಿನವೇ ಹೇಳಿ. ನಮ್ಮವನು "ದೇಖತಾ ಹ್ಞೂಂ" ಎಂದು ಒಂಬತ್ತು ದಿನ ನೋಡಿದ, ಹತ್ತನೆಯ ದಿನ ತಂದ.

ಹೆಸರು ಹೇಳಿ, ಅಡ್ಡಹೆಸರಲ್ಲ

ಸಾಮಾನು ಬಿಚ್ಚಿದ ಮೇಲೆ ಎರಡನೆಯ ತಿಂಗಳು ಬರುತ್ತದಲ್ಲ, ಅದು ಕಷ್ಟದ್ದು. ಕೆಲಸ ಮುಗಿದಿರುತ್ತದೆ, ಗುರುತು ಆಗಿರುವುದಿಲ್ಲ. ಲಿಫ್ಟಿನಲ್ಲಿ ಎಲ್ಲರೂ ನಗುತ್ತಾರೆ, ಯಾರೂ ಮಾತಾಡುವುದಿಲ್ಲ. ಬಾಡಿಗೆಯವರು, ನಾಳೆ ಹೋಗುವವರು ಎನ್ನುವ ಉದಾಸೀನವೂ ಇರುತ್ತದೆ.

ನಾನು ಮಾಡಿದ್ದು ಇದು. ಮೂರು ಜಾಗ ಆರಿಸಿಕೊಂಡೆ: ಒಬ್ಬಳು ಭಾಜಿವಾಲಿ, ಒಬ್ಬ ಇಸ್ತ್ರಿಯವನು, ಬೆಳಗ್ಗೆ ನಡೆಯಲು ಒಂದು ಗಾರ್ಡನ್. ಮೂವತ್ತು ದಿನ, ಒಂದೇ ಹೊತ್ತಿಗೆ, ಅಲ್ಲಿಗೇ ಹೋದೆ. ಕೊತ್ತಂಬರಿ ಪಕ್ಕದವಳಲ್ಲಿ ಐದು ರೂಪಾಯಿ ಕಮ್ಮಿ ಇದ್ದರೂ ಇವಳಲ್ಲೇ ಕೊಂಡೆ. ಎರಡನೆಯ ವಾರ ಅವಳು ಕರಿಬೇವು ಸುಮ್ಮನೆ ಹಾಕಿದಳು. ಮೂರನೆಯ ವಾರ, ಎರಡು ದಿನ ಹೋಗದಿದ್ದಾಗ, ಹುಷಾರಿಲ್ಲವೇ ಎಂದು ಕೇಳಿದಳು. ಮುಲುಂಡಿನಲ್ಲಿ ನಾನು ಇಲ್ಲದ್ದನ್ನು ಗಮನಿಸಿದ ಮೊದಲ ಜೀವ ಅವಳು. ಆ್ಯಪಿನಲ್ಲಿ ತರಕಾರಿ ತರಿಸುವವರಿಗೆ ಇದು ಸಿಗುವುದಿಲ್ಲ, ಹತ್ತು ನಿಮಿಷದಲ್ಲಂತೂ ಖಂಡಿತ ಇಲ್ಲ.

ಗಾರ್ಡನ್ನಿನಲ್ಲಿ ನನ್ನ ವಯಸ್ಸಿನ ಐದಾರು ಮರಾಠಿ ಹೆಂಗಸರ ಗುಂಪು. ಒಬ್ಬರು "ತುಮ್ಚಂ ನಾವ್ ಕಾಯ್?" ಎಂದರು. ನನಗೆ ತಕ್ಷಣ ಬಾಯಿಗೆ ಬಂದದ್ದು ಮಗಳ ಹೆಸರು. ಅದನ್ನು ನುಂಗಿ "ಶೆಟ್ಟಿ" ಎಂದೆ. ಮುಂಬಯಿಯಲ್ಲಿ ಶೆಟ್ಟಿ ಎಂದ ಕೂಡಲೇ ಯಾವ ಹೋಟೆಲ್ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ತಯಾರಾಗಿದ್ದೆ. ಆಕೆ ಕೇಳಿದ್ದು ಬೇರೆ: "ಆಡನಾವ್ ನಾಹೀ ಹೋ, ನಾವ್ ಸಾಂಗಾ." ಅಡ್ಡಹೆಸರಲ್ಲ ಮಾರಾಯ್ತಿ, ಹೆಸರು ಹೇಳು. ಹೇಳಿದೆ. ಇಪ್ಪತ್ತು ವರ್ಷದಲ್ಲಿ ಆಫೀಸಿನ ಹೊರಗೆ ನನ್ನ ಹೆಸರನ್ನು ನಾನೇ ಹೇಳಿದ್ದು ಎಷ್ಟು ಸಲವೋ! ಈಗ ಆರೂಕಾಲಕ್ಕೆ ಕೆಳಗಿನಿಂದ ಅದೇ ಹೆಸರು ಕೂಗುತ್ತಾರೆ, 'ತಾಯಿ' ಸೇರಿಸಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಅತ್ತೆ ಮೊದಲ ಸಲ ಕೇಳಿ, ನಿನಗೆ ಇಷ್ಟು ದೊಡ್ಡ ಮಕ್ಕಳು ಯಾವಾಗ ಹುಟ್ಟಿದರು ಎಂದರು.

ಹಳದಿ-ಕುಂಕುಮಕ್ಕೆ ಕರೆದರೆ ಹೋಗಿ. ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಇಲ್ಲಿ ಮನೆ ಮನೆಯಲ್ಲಿ ನಡೆಯುತ್ತದೆ, ಕಟ್ಟಡದ ಎಲ್ಲ ಬಾಗಿಲುಗಳ ಒಳಗೆ ಕಾಲಿಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ದಿನ ನೀವೂ ಕರೆಯಿರಿ. ಮಳೆಗಾಲದಲ್ಲಿ ನಾನು ಪತ್ರೊಡೆ ಮಾಡಿ ಪಕ್ಕದ ಮನೆಗೆ ಕೊಟ್ಟೆ. ಮರುದಿನ ತಟ್ಟೆ ತುಂಬಿಯೇ ವಾಪಸ್ ಬಂತು, ಅಳೂವಡಿ. ಅದೇ ಕೆಸುವಿನ ಎಲೆ. ನಾವು ಅಕ್ಕಿ ಅರೆದು ಹಚ್ಚುತ್ತೇವೆ, ಅವರು ಕಡಲೆಹಿಟ್ಟು. ಯಾರದು ರುಚಿ ಎನ್ನುವ ಜಗಳ ಇನ್ನೂ ನಡೆಯುತ್ತಿದೆ, ಬಾಗಿಲು ತೆರೆದಿರಲು ಅಷ್ಟು ಸಾಕು.

ಇವರು ಮತ್ತು ಅತ್ತೆ

ಗಂಡಸರಿಗೆ ಕಷ್ಟ ಹೆಚ್ಚು, ಹೇಳಿಕೊಳ್ಳುವುದಿಲ್ಲ. ಇವರ ಗೆಳೆಯರೆಲ್ಲ ಮಾಟುಂಗಾ ಸ್ಟೇಷನ್ನಿನ ಹೊರಗಿನ ಚಾದ ಅಂಗಡಿಯವರು. ಮುಲುಂಡಿಗೆ ಬಂದ ಮೇಲೆ ಆಫೀಸು, ಸೋಫಾ, ಮೊಬೈಲು. ಕಟಿಂಗ್ ಮಾಡಿಸಲು ಕೂಡ ಭಾನುವಾರ ಲೋಕಲ್ ಹತ್ತಿ ಮಾಟುಂಗಾಕ್ಕೇ ಹೋಗುತ್ತಿದ್ದರು. ಇಲ್ಲಿ ಹೆಜ್ಜೆಗೊಂದು ಸಲೂನ್ ಇದೆಯಲ್ಲ ಎಂದರೆ, "ಅವನಿಗೆ ನನ್ನ ತಲೆ ಗೊತ್ತುಂಟು" ಎನ್ನುತ್ತಿದ್ದರು.

ಬೈದರೆ ಪ್ರಯೋಜನವಿಲ್ಲ. ಹೊರಗೆ ಹೋಗಲೇಬೇಕಾದ ಒಂದು ಕೆಲಸ ಅವರ ಪಾಲಿಗೆ ಬಿಡಿ. ಅತ್ತೆಯ ಔಷಧಿ ತರುವುದನ್ನು ನಾನು ನಿಲ್ಲಿಸಿದೆ. ಮೆಡಿಕಲ್ ಅಂಗಡಿಯಲ್ಲಿ ಸಿಕ್ಕ ಒಬ್ಬರು ನಿವೃತ್ತರು ಚಳಿಗಾಲದಲ್ಲಿ ಇವರನ್ನು ಭಾಂಡೂಪ್ ಪಂಪಿಂಗ್ ಸ್ಟೇಷನ್ ಕಡೆ ಕರೆದುಕೊಂಡು ಹೋದರು, ಫ್ಲೆಮಿಂಗೊ ನೋಡಲು. ಅಲ್ಲಿನ ಥಾಣೆ ಖಾರಿಗೆ (ಕ್ರೀಕ್) ನವೆಂಬರಿನಿಂದ ಮೇ ತನಕ ಸಾವಿರಾರು ಹಕ್ಕಿಗಳು ಬರುತ್ತವೆ; 2022ರಲ್ಲಿ ಅದಕ್ಕೆ ರಾಮ್ಸರ್ ತಾಣದ, ಅಂದರೆ ಜಾಗತಿಕ ಮಹತ್ವದ ಜೌಗುಭೂಮಿಯ, ಮಾನ್ಯತೆಯೂ ಸಿಕ್ಕಿದೆ. ಕಾಗೆ, ಪಾರಿವಾಳ ಬಿಟ್ಟು ಬೇರೆ ಹಕ್ಕಿಯ ಹೆಸರು ಎತ್ತದ ಮನುಷ್ಯ ಈಗ ಭರತ-ಇಳಿತದ ಸಮಯ ಬರೆದಿಟ್ಟುಕೊಳ್ಳುತ್ತಾರೆ.

ಅತ್ತೆಯ ಬಗ್ಗೆ ನಾನು ಅತಿಯಾಗಿ ಹೆದರಿದ್ದೆ. ದೇವಸ್ಥಾನ, ಭಜನೆಯ ಗೆಳತಿಯರು, ಅರವತ್ತು ವರ್ಷದ ಬೀದಿ, ಎಲ್ಲ ಹೋಯಿತು. ಕಿಟಕಿಯ ಹತ್ತಿರ ರಸ್ತೆ ಕಾಣುವಂತೆ ಅವರ ಕುರ್ಚಿ ಹಾಕಿದೆ. ಅವರಿಗೆ ಬೇಕಾದದ್ದು ಕಿಟಕಿಯಲ್ಲ, ರಿಕ್ಷಾ ಎಂದು ಆಮೇಲೆ ತಿಳಿಯಿತು. ಸಯನ್‌ನಿಂದ ದಕ್ಷಿಣಕ್ಕೆ ಆಟೋರಿಕ್ಷಾ ಓಡುವಂತಿಲ್ಲ, ಟ್ಯಾಕ್ಸಿಯವರು ಹತ್ತಿರದ ದಾರಿಗೆ ಬರುವುದಿಲ್ಲ. ಮಾಟುಂಗಾದಲ್ಲಿ ಮೊಣಕಾಲು ನೋವಿನ ಅತ್ತೆ ನಿಜವಾಗಿ ಮನೆಯಲ್ಲೇ ಕೂತಿದ್ದರು. ನಾವದನ್ನು ವಯಸ್ಸು ಎಂದುಕೊಂಡಿದ್ದೆವು. ಇಲ್ಲಿ ಗೇಟಿನಲ್ಲೇ ರಿಕ್ಷಾ. ಸಂಜೆ ಹೊರಟುಬಿಡುತ್ತಾರೆ. ವಾಪಸ್ ಬಂದು ಗೇಟಿನ ಬೆಂಚಿನಲ್ಲಿ ವಾಚ್‌ಮನ್ ಜೊತೆ ತಮ್ಮ ಅರವತ್ತು ವರ್ಷ ಹಳೆಯ ಹಿಂದಿಯಲ್ಲಿ ಹರಟೆ. ಕಟ್ಟಡದ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದು ನನಗೆ ಗೊತ್ತಾಗುವುದು ಅವರಿಂದ.

ರಾತ್ರಿ ಮೂರು ಗಂಟೆ

ಬಂದ ಹೊಸದರಲ್ಲಿ ನಿದ್ದೆ ಬರುತ್ತಿರಲಿಲ್ಲ. ಮೂರಕ್ಕೆ ಎಚ್ಚರ, ಕುತ್ತಿಗೆಯಿಂದ ಬೆವರು, ಎದೆ ಡವಡವ. ಹೊಸ ಜಾಗ, ಹೈವೇ ಲಾರಿಗಳ ಸದ್ದು ಎಂದುಕೊಂಡೆ. ಮಗಳಿಲ್ಲದ ಬೇಸರ ಎಂದುಕೊಂಡೆ. ನಾಲ್ಕು ತಿಂಗಳು ಹೀಗೆ ಕಾರಣ ಹುಡುಕಿದ ಮೇಲೆ ಡಾಕ್ಟರಲ್ಲಿಗೆ ಹೋದೆ. ಮುಟ್ಟು ನಿಲ್ಲುವ ಕಾಲ, ಜೊತೆಗೆ ಥೈರಾಯ್ಡ್ ಸ್ವಲ್ಪ ಏರುಪೇರು. ಔಷಧಿ ಶುರುವಾಯಿತು.

ನಲವತ್ತೈದರಿಂದ ಐವತ್ತೈದರ ನಡುವೆ ಮನೆ ಬದಲಿಸುವ ಹೆಂಗಸರು ಇದನ್ನು ನೆನಪಿಡಬೇಕು. ಎರಡೂ ಒಟ್ಟಿಗೆ ಬಂದಾಗ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತೇವೆ. ಹನ್ನೆರಡು ತಿಂಗಳು ಸತತ ಮುಟ್ಟಾಗದಿದ್ದರೆ ಅದು ನಿಂತಿದೆ ಎಂದು ಲೆಕ್ಕ. ಆಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಿ. ಹಳೆಯ ಡಾಕ್ಟರಿಂದ ನಿಮ್ಮ ಫೈಲನ್ನು, ಎಲ್ಲರ ಫೈಲನ್ನೂ, ಕೇಳಿ ತನ್ನಿ. ಹೊಸಬರಿಗೆ ಮೊದಲಿನಿಂದ ಕತೆ ಹೇಳುವ ಕಷ್ಟ ತಪ್ಪುತ್ತದೆ.

ಔಷಧಿಯಿಂದ ಬೆವರು ನಿಂತಿತು, ಮೂರರ ಎಚ್ಚರ ಪೂರ್ತಿ ನಿಲ್ಲಲಿಲ್ಲ. ಒಂದು ರಾತ್ರಿ ನೋಡಿದರೆ ಇವರೂ ಎಚ್ಚರ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಚಾ ಕುಡಿದೆವು. ಮಗಳ ಫೀಸು, ಅತ್ತೆಯ ಮೊಣಕಾಲು, ಬಿಲ್ಡರ್, ಇವಿಷ್ಟನ್ನು ಬಿಟ್ಟು ಬೇರೆ ಮಾತು ನಮ್ಮಿಬ್ಬರಲ್ಲಿ ಬಂದು ಎಷ್ಟು ಕಾಲವಾಯಿತೋ. ಆ ರಾತ್ರಿಯೂ ದೊಡ್ಡದೇನೂ ಆಡಲಿಲ್ಲ. ಹೊಸ ಮನೆ ಬಂದ ಮೇಲೆ ಮಾಟುಂಗಾಕ್ಕೆ ವಾಪಸ್ ಹೋಗುವುದೇ, ಅದನ್ನು ಬಾಡಿಗೆಗೆ ಕೊಟ್ಟು ಇಲ್ಲೇ ಇರುವುದೇ, ಊರಿಗೇ ಹೋಗುವುದೇ ಎಂದು ಇವರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಯನ್ನು ನನಗೆ ಕೇಳಿದರಲ್ಲ ಎಂದೇ ಖುಷಿಯಾಯಿತು. ತಿಂಗಳಿಗೊಮ್ಮೆಯಾದರೂ ಇಂಥ ಚಾ ಇರಲಿ. ಮೂರು ಗಂಟೆಗೇ ಆಗಬೇಕೆಂದಿಲ್ಲ.

ಹಳೆಯ ಬೀದಿಗೆ ಎಷ್ಟು ಸಲ

ಮೊದಲ ತಿಂಗಳು ನಾನು ಆರು ಸಲ ಮಾಟುಂಗಾಕ್ಕೆ ಹೋದೆ. ಅಷ್ಟು ಬೇಡ. ಒಂದು ಸಂಜೆ ನಮ್ಮ ಕಟ್ಟಡದ ಮುಂದೆ ನಿಂತೆ. ನೀಲಿ ತಗಡಿನ ಪತ್ರಾ, ಹಸಿರು ಬಲೆ, ಮೂರನೆಯ ಮಹಡಿಯಲ್ಲಿ ನಮ್ಮ ಅಡುಗೆಮನೆಯ ಗೋಡೆ ಅರ್ಧ ಬಿದ್ದು ಹಳದಿ ಟೈಲ್ಸ್ ಬೀದಿಗೆಲ್ಲ ಕಾಣುತ್ತಿತ್ತು. ಆ ಮೇಲೆ ಒಂದು ಲೆಕ್ಕ ಇಟ್ಟುಕೊಂಡೆ: ತಿಂಗಳಿಗೆ ಒಂದೇ ಸಲ, ಅದೂ ಕೆಲಸವಿದ್ದರೆ. ಬಾಳೆಎಲೆ, ಕಾಫಿಪುಡಿ, ಮಲ್ಲಿಗೆಗೆ ಮಾರ್ಕೆಟ್ಟು. 1926ರಿಂದ ಇರುವ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವಿದ್ದರೆ ಅತ್ತೆಯೂ ಬರುತ್ತಾರೆ. ಸ್ಟೇಷನ್ ಪಕ್ಕದಲ್ಲಿ 1942ರ ಉಡುಪಿ ಊಟದ ಮನೆ ಇದೆ, ಮೆಟ್ಟಿಲು ಹತ್ತಲು ಅತ್ತೆಗೆ ಹತ್ತು ನಿಮಿಷ, ಸಾರಿಗಾಗಿ ಹತ್ತುತ್ತಾರೆ. ಕೆಲಸ ಮುಗಿಸಿ ಲೋಕಲ್ ಹತ್ತಿ. ಕಟ್ಟಡದ ಮುಂದೆ ಹಾದುಹೋಗಬೇಕೆಂದಿಲ್ಲ.

ಮುಲುಂಡಿನಲ್ಲೂ ನಮ್ಮವರಿದ್ದಾರೆ. ಸಂಘಗಳ ಸ್ಥಳೀಯ ಸಮಿತಿ, ಭಜನಾ ಮಂಡಳಿ, ಶನಿವಾರದ ಶನಿಪೂಜೆ, ವರ್ಷಕ್ಕೊಮ್ಮೆ ಯಕ್ಷಗಾನ. ಹತ್ತಿರದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತವರನ್ನು ಕೇಳಿ, ಹತ್ತು ನಿಮಿಷದಲ್ಲಿ ಎಲ್ಲ ವಿಳಾಸ ಸಿಗುತ್ತದೆ. ಆದರೆ ಗಾರ್ಡನ್ನಿನವರನ್ನು ಬಿಟ್ಟು ಬರೀ ಅಲ್ಲಿಗೇ ಅಂಟಿಕೊಳ್ಳಬೇಡಿ, ಕೆಳಗಿನ ಮನೆಯವರಿಗೆ ರಾತ್ರಿ ನಿಮ್ಮ ಬಾಗಿಲು ತಟ್ಟುವ ಸಲಿಗೆ ಇರಬೇಕು.

ಬಂದು ಹತ್ತು ತಿಂಗಳಾಯಿತು. ಮೊನ್ನೆ ಭಾನುವಾರ ಇವರು ಔಷಧಿ ತರಲು ಹೋದವರು ಒಂದೂವರೆ ಗಂಟೆ ಬರಲಿಲ್ಲ. ಫೋನ್ ಮಾಡಬೇಕು ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಕಟಿಂಗ್ ಆಗಿತ್ತು, ಮುಲುಂಡಿನಲ್ಲೇ. ಹಿಂದುಗಡೆ ಸ್ವಲ್ಪ ಜಾಸ್ತಿಯೇ ಗಿಡ್ಡ. ಅತ್ತೆ ಪೇಪರಿನಿಂದ ತಲೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ಒಂದು ಸುತ್ತು ನೋಡಿ, "ಮಾಟುಂಗಾದವನೇ ವಾಸಿ, ಮಗಾ" ಎಂದರು. ಇವರು ಕನ್ನಡಿಯ ಮುಂದೆ ನಿಂತು, "ಇವನಿಗೂ ಎರಡು ಸಲ ಹೋದರೆ ಗೊತ್ತಾಗ್ತದೆ" ಎಂದರು.